ತದಡಿ ಜೆಟ್ಟಿಯಲ್ಲಿ ಸೈನ್ ಅಲೆ ಅಳೆಯುವುದು ಹೇಗೆ?

ಪಿಯುಸಿ ಭೌತಶಾಸ್ತ್ರದಲ್ಲಿ ಸೈನ್ ಅಲೆಯನ್ನು (ಒಂದೇ ಲಯದಲ್ಲಿ ಏರಿ ಇಳಿಯುವ ಗೆರೆಯನ್ನು) ಬೋರ್ಡಿನ ಮೇಲೆ ಬಿಡಿಸಿ ಮುಗಿಸುತ್ತಾರೆ. ನಮ್ಮ ಕರಾವಳಿಯಲ್ಲಿ ಅದನ್ನು ಅಳೆದೇ ನೋಡಬಹುದು. ಅಳೆಯಬೇಕಾದ್ದು ದಡಕ್ಕೆ ಬಡಿಯುವ ತೆರೆಯನ್ನಲ್ಲ, ಉಬ್ಬರ-ಇಳಿತವನ್ನು. ತೆರೆ ಮುರಿದು ಆಕಾರ ಕೆಡಿಸಿಕೊಳ್ಳುತ್ತದೆ. ಉಬ್ಬರ ಹಾಗಲ್ಲ, ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ನಿಧಾನವಾಗಿ ಏರಿ ಇಳಿಯುತ್ತದೆ.

ತೆರೆ ಬಡಿಯದ ಜಾಗ ಬೇಕು. ಕಾರವಾರದವರಿಗೆ ಕಾಳಿ ನದಿಯ ಕೋಡಿಬಾಗ, ಹೊನ್ನಾವರದವರಿಗೆ ಶರಾವತಿ ದಡ ಹತ್ತಿರ. ಆದರೆ ಆ ಎರಡೂ ನದಿಗಳಿಗೆ ಮೇಲೆ ಅಣೆಕಟ್ಟುಗಳಿವೆ, ನೀರು ಬಿಟ್ಟರೆ ಲೆಕ್ಕ ತಪ್ಪುತ್ತದೆ. ಅಘನಾಶಿನಿ ನದಿಗೆ ಅಣೆಕಟ್ಟಿಲ್ಲ. ಹಾಗಾಗಿ ನನ್ನ ಆಯ್ಕೆ ಅದರ ಅಳಿವೆಯಲ್ಲಿರುವ ತದಡಿ. ಮಳೆಗಾಲ ಬೇಡ, ದೀಪಾವಳಿ ಕಳೆದ ಮೇಲೆ ಮಾಡಿ. ಜೆಟ್ಟಿಯಲ್ಲಿ ಇರುವವರನ್ನು ಮೊದಲೇ ಕೇಳಿಕೊಳ್ಳಿ.

ಮೂರು ಇಂಚಿನ, ಮೂರು ಮೀಟರ್ ಉದ್ದದ ಪಿವಿಸಿ ಪೈಪ್ ತನ್ನಿ. ಕೆಳಗಿನ ತುದಿಗೆ ಮುಚ್ಚಳ ಹಾಕಿ, ಅದರಲ್ಲಿ ಒಂದು ಸಣ್ಣ ತೂತು ಕೊರೆಯಿರಿ. ಸಣ್ಣ ತೆರೆಗಳ ಕುಲುಕಾಟ ತೂತಿನಲ್ಲಿ ಸೋಸಿ ಹೋಗುತ್ತದೆ, ಉಬ್ಬರ ಮಾತ್ರ ಒಳಗೆ ಬರುತ್ತದೆ. ಇಡೀ ಉಪಕರಣದ ಜಾಣತನ ಇಷ್ಟೇ! ಇಳಿತದ ಹೊತ್ತಿಗೆ ಪೈಪನ್ನು ಕಂಬಕ್ಕೆ ನೆಟ್ಟಗೆ ಕಟ್ಟಿ. ಒಳಗೆ ಥರ್ಮೋಕೋಲ್ ಬಿಲ್ಲೆ ತೇಲಿಬಿಡಿ, ಅದಕ್ಕೆ ಉದ್ದನೆಯ ತೆಳು ಕಡ್ಡಿ ಸಿಕ್ಕಿಸಿ. ಕಡ್ಡಿಯ ತುದಿ ಎಷ್ಟು ಏರಿತು ಎಂದು ಟೇಪಿನಲ್ಲಿ ಅರ್ಧ ಗಂಟೆಗೊಮ್ಮೆ ಬರೆದುಕೊಳ್ಳಿ. ಇಬ್ಬರಿದ್ದರೆ ಪಾಳಿ ಹಾಕಿಕೊಳ್ಳಬಹುದು.

ಈಗ ಗ್ರಾಫ್ ಹಾಳೆ. ಅಡ್ಡಕ್ಕೆ ಗಂಟೆ, ಉದ್ದಕ್ಕೆ ಸೆಂಟಿಮೀಟರ್. ಅತಿ ಎತ್ತರದ ಅಳತೆ 190, ಅತಿ ಕಡಿಮೆ 50 ಎಂದು ಸುಮ್ನೆ ಇಟ್ಟುಕೊಳ್ಳೋಣ. ನಡುಮಟ್ಟ 120, ಪಾರ (ಅಂದರೆ ನಡುವಿನಿಂದ ತುದಿಗೆ ಇರುವ ದೂರ) 70. ಉಬ್ಬರದ ತುದಿ ಬೆಳಿಗ್ಗೆ 10ಕ್ಕೆ ಬಂದರೆ, ಆಮೇಲಿನ ಗಂಟೆಗಳನ್ನು 12.42ರಿಂದ (ಅಂದರೆ 12 ಗಂಟೆ 25 ನಿಮಿಷದಿಂದ) ಭಾಗಿಸಿ 360ರಿಂದ ಗುಣಿಸಿ. ಬಂದ ಕೋನದ ಕೊಸೈನನ್ನು 70ರಿಂದ ಗುಣಿಸಿ 120ಕ್ಕೆ ಕೂಡಿಸಿ. ಕೊಸೈನ್ ಎಂದರೆ ತುದಿಯಿಂದ ಶುರುವಾಗುವ ಸೈನ್ ಅಲೆಯೇ, ಗಾಬರಿ ಬೇಡ.

ಲೆಕ್ಕ ಹೀಗೆ ಬರುತ್ತದೆ: 11ಕ್ಕೆ 181, 12ಕ್ಕೆ 157, 1ಕ್ಕೆ 124. ಮೊದಲ ಗಂಟೆಯಲ್ಲಿ 9 ಸೆಂಟಿಮೀಟರ್ ಇಳಿದ ನೀರು ಮೂರನೆಯ ಗಂಟೆಯಲ್ಲಿ 33 ಇಳಿಯಿತು. ಜೋಕಾಲಿಯೂ ತುದಿಯಲ್ಲಿ ತಡೆದು, ನಡುವೆ ಜೋರಾಗಿ ಹಾಯುತ್ತದೆ ಅಲ್ವಾ? ತಳದಲ್ಲೂ ಹೀಗೇ. ಪೂರ್ತಿ ಇಳಿತದ ಆಚೆ ಈಚೆ ಒಂದೊಂದು ಗಂಟೆ ನೀರು 9 ಸೆಂಟಿಮೀಟರಿನೊಳಗೇ ಇರುತ್ತದೆ. ಅಳಿವೆಯಲ್ಲಿ ಚಿಪ್ಪಿ ಹೆಕ್ಕುವವರಿಗೆ ಸಿಗುವ ಬಿಡುವು ಅದು.

ನಿಮ್ಮ ಚುಕ್ಕಿಗಳು ಗೆರೆಯ ಮೇಲೆ ಸರಿಯಾಗಿ ಕೂರುವುದಿಲ್ಲ. ಅರಬ್ಬಿ ಸಮುದ್ರದ ಈ ದಡದಲ್ಲಿ ದಿನದ ಎರಡು ಉಬ್ಬರಗಳು ಒಂದೇ ಎತ್ತರ ಇರುವುದಿಲ್ಲ. ಸುಮಾರು ದಿನಕ್ಕೊಮ್ಮೆ ಏರಿಳಿಯುವ ಇನ್ನೊಂದು ಸೈನ್ ಅಲೆ ಇದಕ್ಕೆ ಸೇರಿದೆ. ಹೀಗೆ ಬೇರೆ ಬೇರೆ ಅಲೆಗಳನ್ನು ಕೂಡಿಸಿ ಉಬ್ಬರ ಹೇಳುವ ಯಂತ್ರವನ್ನು ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್ 1870ರ ದಶಕದಲ್ಲಿ ರಾಟೆ-ಹಗ್ಗದಲ್ಲಿ ಕಟ್ಟಿಸಿದ್ದರು.

ಅಮಾವಾಸ್ಯೆಯ ಆಸುಪಾಸಿನಲ್ಲಿ ಒಮ್ಮೆ, ಅಷ್ಟಮಿಯ ಆಸುಪಾಸಿನಲ್ಲಿ ಇನ್ನೊಮ್ಮೆ ಅಳೆಯಿರಿ. ಎರಡನೆಯ ಸಲ ಪಾರ ಕಡಿಮೆ ಬರುತ್ತದೆ. ಚಂದ್ರನ ಅಲೆ 12 ಗಂಟೆ 25 ನಿಮಿಷದ್ದು, ಸೂರ್ಯನದು ಸರಿಯಾಗಿ 12 ಗಂಟೆಯದು. ಅಮಾವಾಸ್ಯೆ, ಹುಣ್ಣಿಮೆಗೆ ಎರಡೂ ಕೂಡುತ್ತವೆ, ಅಷ್ಟಮಿಗೆ ಒಂದನ್ನೊಂದು ಕಳೆಯುತ್ತವೆ.