ಏಳು ಪತ್ರಗಳ ಸರಣಿ: ಸಂಗೀತ ಕೋರ್ಸ್‌ಗೆ ನಾನು ಸ್ವಾಗತ ಇಮೇಲ್‌ಗಳನ್ನು ಯೋಜಿಸಿದ ಬಗೆ

ಮೈಸೂರಿನ ಮನೆಯಲ್ಲಿ ಕುಳಿತು ವಯಸ್ಕರಿಗೆ ಕರ್ನಾಟಕ ಸಂಗೀತದ ಗಾಯನವನ್ನು ಆನ್‌ಲೈನ್‌ನಲ್ಲಿ ಕಲಿಸುವುದು ನನ್ನ ವೃತ್ತಿ. ಹನ್ನೆರಡು ವಾರಗಳ ಆರಂಭಿಕ ಕೋರ್ಸ್ ಒಂದಿದ್ದು, ವರ್ಷಕ್ಕೆ ನಾಲ್ಕು ತಂಡಗಳನ್ನು ತೆಗೆದುಕೊಳ್ಳುತ್ತೇನೆ. ಮೊದಲ ಎರಡು ವರ್ಷ ವಿಚಾರಿಸಿದ ಪ್ರತಿಯೊಬ್ಬರಿಗೂ ನಾನೇ ಫೋನಿನಲ್ಲೋ ವಾಟ್ಸ್‌ಆ್ಯಪ್‌ನಲ್ಲೋ ಉತ್ತರಿಸುತ್ತಿದ್ದೆ. ಒಂದೇ ಮಾತನ್ನು ದಿನಕ್ಕೆ ನಾಲ್ಕೈದು ಸಲ ಹೇಳಿ, ಸಂಜೆ ಪಾಠಕ್ಕೆ ಕೂರುವ ಹೊತ್ತಿಗೆ ಗಂಟಲು ಒಣಗಿರುತ್ತಿತ್ತು. ಹೆಸರು ನೋಂದಾಯಿಸಿದವರಿಗೆ ತಾನಾಗಿಯೇ ಹೋಗುವ ಇಮೇಲ್ ಸರಣಿಯೊಂದನ್ನು ಸಿದ್ಧಪಡಿಸುವ ಯೋಚನೆ ಬಂದದ್ದು ಮಾರಾಟದ ಆಸೆಗಿಂತ ಹೆಚ್ಚಾಗಿ ಈ ಗಂಟಲಿನ ಕಾರಣದಿಂದ.

ಮೊದಲ ಸಲ ನಾನು ಬರೆದ ಐದು ಪತ್ರಗಳು ಕರಪತ್ರದಂತಿದ್ದವು. ನನ್ನ ಗುರುಪರಂಪರೆ, ನನ್ನ ಅನುಭವ, ಕೋರ್ಸ್‌ನ ವೈಶಿಷ್ಟ್ಯ, ಶುಲ್ಕ, ರಿಯಾಯಿತಿ. ಒಂದಕ್ಕೂ ಯಾರೂ ಮರಳಿ ಬರೆಯಲಿಲ್ಲ. ಫೋನಿನಲ್ಲಿ ಅರ್ಧ ಗಂಟೆ ಮಾತನಾಡಿಸುತ್ತಿದ್ದ ಜನ ಇಮೇಲ್‌ಗೆ ಮೌನವಾಗಿದ್ದಾರೆಂದರೆ ತಪ್ಪು ನನ್ನ ಪತ್ರದಲ್ಲೇ ಇರಬೇಕೆಂದುಕೊಂಡು, ಹಳೆಯ ವಾಟ್ಸ್‌ಆ್ಯಪ್ ಸಂಭಾಷಣೆಗಳನ್ನೆಲ್ಲ ತೆರೆದು, ಜನ ಕೇಳಿದ್ದ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಒಂದು ನೋಟ್‌ಬುಕ್ಕಿಗೆ ಇಳಿಸಿದೆ. ‘ನನಗೆ ಐವತ್ತೆರಡು, ಇನ್ನು ಕಂಠ ಬಗ್ಗುತ್ತದೆಯೇ?’ ‘ತಂಬೂರಿ ಕೊಳ್ಳಲೇಬೇಕೆ?’ ‘ದೇವರನಾಮ ಎಷ್ಟನೆಯ ವಾರಕ್ಕೆ ಬರುತ್ತದೆ?’ ‘ಮನೆಯಲ್ಲಿ ಎಲ್ಲರ ಮುಂದೆ ಹಾಡಲು ನಾಚಿಕೆ, ಹೇಗೆ ಅಭ್ಯಾಸ ಮಾಡಲಿ?’ ಶುಲ್ಕವನ್ನು ಕೇಳುವುದಕ್ಕೆ ಮುನ್ನ ಬಹುತೇಕರು ಕೇಳುತ್ತಿದ್ದುದು ತಮ್ಮಿಂದ ಇದು ಆದೀತೇ ಎಂಬುದನ್ನು. ಸರಣಿಯ ಕ್ರಮ ನನಗೆ ಸಿಕ್ಕಿದ್ದು ಆ ನೋಟ್‌ಬುಕ್ಕಿನಿಂದ: ಪ್ರಶ್ನೆಗಳು ಯಾವ ಸರದಿಯಲ್ಲಿ ಬರುತ್ತಿದ್ದವೋ ಅದೇ ಸರದಿಯಲ್ಲಿ ಪತ್ರಗಳು ಹೋಗಬೇಕು, ಒಂದು ಪತ್ರಕ್ಕೆ ಒಂದೇ ಪ್ರಶ್ನೆ.

ಈಗಿರುವ ಸರಣಿಯಲ್ಲಿ ಏಳು ಪತ್ರಗಳಿದ್ದು ಹತ್ತು ದಿನಗಳಲ್ಲಿ ಮುಗಿಯುತ್ತದೆ. ಅದಕ್ಕೂ ಮೊದಲು ‘ನೋಂದಾಯಿಸಿದ್ದು ನೀವೇ ತಾನೇ?’ ಎಂದು ಕೇಳುವ ಎರಡು ಸಾಲಿನ ದೃಢೀಕರಣ ಪತ್ರ ಹೋಗುತ್ತದೆ. ಇದರಿಂದ ತಪ್ಪಾಗಿ ಟೈಪ್ ಮಾಡಿದ ವಿಳಾಸಗಳು ಸೋಸಿ ಹೋಗುತ್ತವೆ, ಮತ್ತು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಯಸುವ ಸ್ಪಷ್ಟ ಒಪ್ಪಿಗೆಗೂ ಒಂದು ದಾಖಲೆ ಉಳಿಯುತ್ತದೆ. ದೃಢೀಕರಿಸಿದ ಕೂಡಲೇ ತಲುಪುವ ಮೊದಲ ಪತ್ರ ಅವರ ಶ್ರುತಿಯನ್ನು, ಎಂದರೆ ಅವರ ಕಂಠಕ್ಕೆ ಹೊಂದುವ ಆಧಾರ ಷಡ್ಜವನ್ನು, ಅವರೇ ಹುಡುಕಿಕೊಳ್ಳಲು ಕಲಿಸುತ್ತದೆ. ಗಂಡಸರಿಗೆ ಸಾಮಾನ್ಯವಾಗಿ ಸಿ ಯಿಂದ ಡಿ ವರೆಗೆ, ಹೆಂಗಸರಿಗೆ ಎಫ್ ಶಾರ್ಪ್‌ನಿಂದ ಎ ವರೆಗೆ ಹೊಂದುತ್ತದೆಂದು ಹೇಳಿ, ಮಂದ್ರದ (ಕೆಳಗಿನ ಸ್ಥಾಯಿಯ) ಪಂಚಮವೂ ತಾರದ (ಮೇಲಿನ ಸ್ಥಾಯಿಯ) ಪಂಚಮವೂ ಕಷ್ಟವಿಲ್ಲದೆ ಎಟಕುತ್ತವೆಯೇ ಎಂದು ನೋಡಿಕೊಳ್ಳಲು ಕೆಲವು ಶ್ರುತಿಗಳ ಧ್ವನಿಮುದ್ರಿಕೆಯ ಕೊಂಡಿಯನ್ನು ಕೊಟ್ಟಿದ್ದೇನೆ. ಕೋರ್ಸ್‌ನ ಹೆಸರು ಆ ಪತ್ರದಲ್ಲಿ ಬರುವುದೇ ಇಲ್ಲ. ಮರುದಿನದ ಪತ್ರದಲ್ಲಿ ಮಾಯಾಮಾಳವಗೌಳ ರಾಗದ ಮೊದಲ ಸರಳೆ ವರಸೆ, ಎಂದರೆ ಆರಂಭದ ಸ್ವರಪಾಠ. ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ಹೇಳುವ ಆ ಪಾಠವನ್ನು ಮೊದಲ ಕಾಲದಲ್ಲಿ (ನಿಧಾನದ ವೇಗದಲ್ಲಿ) ಮಾತ್ರ, ದಿನಕ್ಕೆ ಹತ್ತು ನಿಮಿಷ ಹಾಡಲು ಹೇಳುತ್ತೇನೆ.

ಮೂರನೆಯ ಪತ್ರ ಅತ್ಯಂತ ಚಿಕ್ಕದು, ನನ್ನ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದದ್ದು. ಅದರಲ್ಲಿರುವುದು ಇಷ್ಟೇ: ‘ಎರಡು ದಿನ ಹಾಡಿದಿರಿ ಎಂದುಕೊಂಡಿದ್ದೇನೆ. ಎಲ್ಲಿ ತೊಡಕಾಯಿತು? ಒಂದು ಸಾಲು ಬರೆದು ಕಳುಹಿಸಿ, ನಾನೇ ಓದುತ್ತೇನೆ.’ ಉತ್ತರ ಬರೆದವರ ಇಮೇಲ್ ನನ್ನ ಸ್ವಂತ ಪೆಟ್ಟಿಗೆಗೆ ಬರುತ್ತದೆ. ಉತ್ತರಿಸಲಾಗದ ವಿಳಾಸದಿಂದ ಸ್ವಾಗತ ಕೋರುವುದು ಬಾಗಿಲು ಹಾಕಿಕೊಂಡು ಒಳಗೆ ಬನ್ನಿ ಎಂದಂತೆ. ಸರಣಿಯಲ್ಲಿ ಯಂತ್ರದ ಕೈಗೆ ಕೊಡದೆ ಉಳಿಸಿಕೊಂಡ ಭಾಗ ಇದೊಂದೇ. ಐದನೆಯ ದಿನ ನಾಲ್ಕನೆಯ ಪತ್ರದಲ್ಲಿ ಮೊದಲ ಬಾರಿಗೆ ಕೋರ್ಸ್‌ನ ವಿಷಯ ತೆಗೆಯುತ್ತೇನೆ: ಹನ್ನೆರಡು ವಾರಗಳಲ್ಲಿ ಸರಳೆ, ಜಂಟಿ ವರಸೆ, ಅಲಂಕಾರಗಳು ಮತ್ತು ಒಂದೆರಡು ಪಿಳ್ಳಾರಿ ಗೀತೆಗಳವರೆಗೆ (ಆರಂಭಿಕರು ಕಲಿಯುವ ಸರಳ ಗೀತೆಗಳು) ಹೋಗಬಹುದು, ಕಚೇರಿಗಳಲ್ಲಿ ಹಾಡುವಂಥ ಕೃತಿ ಹಾಡಲು ಆಗುವುದಿಲ್ಲ. ಆಗದ್ದನ್ನು ಹೀಗೆ ಮುಂಚಿತವಾಗಿಯೇ ಬರೆದ ಮೇಲೆ ‘ಇನ್ನೂ ವರಸೆಯಲ್ಲೇ ಇದ್ದೀವಲ್ಲ’ ಎಂದು ನಡುವೆ ಬಿಟ್ಟುಹೋಗುವವರು ಕಡಿಮೆಯಾದರು. ಐದನೆಯದು ವಯಸ್ಸು, ಕಂಠ, ನಾಚಿಕೆಗಳ ಪತ್ರ. ಆರನೆಯದರಲ್ಲಿ ಶುಲ್ಕ, ತೆರಿಗೆಯೆಲ್ಲ ಸೇರಿದ ಒಂದೇ ಮೊತ್ತವಾಗಿ. ಏಳನೆಯದು ಕೊನೆಯ ದಿನದ ಜ್ಞಾಪನೆ.

ಕನ್ನಡದಲ್ಲಿ ಬರೆಯುವವರಿಗೆ ಮಾತ್ರ ಎದುರಾಗುವ ಕೆಲವು ತೊಡಕುಗಳನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಇಮೇಲ್ ಸಲಕರಣೆಗಳಲ್ಲಿ ಹೆಸರಿನ ಜಾಗಕ್ಕೆ ಒಂದು ಗುರುತು ಹಾಕಿದರೆ, ಕಳುಹಿಸುವಾಗ ಆಯಾ ವ್ಯಕ್ತಿಯ ಹೆಸರು ಅಲ್ಲಿ ಬಂದು ಕೂರುತ್ತದೆ. ಇಂಗ್ಲಿಷಿಗೆ ಇದು ಸಲೀಸು. ನಮ್ಮಲ್ಲಿ ವಿಭಕ್ತಿ ಪ್ರತ್ಯಯವು ಹೆಸರಿನ ಕೊನೆಯ ಸ್ವರಕ್ಕೂ ಲಿಂಗಕ್ಕೂ ತಕ್ಕಂತೆ ರೂಪ ಬದಲಿಸುತ್ತದೆ: ಮಂಜುನಾಥನಿಗೆ, ಗೀತಾಳಿಗೆ, ವಾಸುವಿಗೆ. ಗುರುತಿನ ಬೆನ್ನಿಗೆ ‘ಗೆ’ ಅಂಟಿಸಿದ್ದ ನನ್ನ ಪರೀಕ್ಷಾ ಪತ್ರ ‘ಮಂಜುನಾಥಗೆ ಸ್ವಾಗತ’ ಎಂದು ಬಂತು. ಧಾರವಾಡದ ಕಡೆಯವರು ಒಪ್ಪಿಯಾರು, ಮೈಸೂರಿನವರು ನಗುತ್ತಾರೆ. ಈಗ ಹೆಸರನ್ನು ಸಂಬೋಧನೆಯಲ್ಲಿ ಒಂದೇ ಸಲ, ‘ಅವರೇ’ ಎಂಬುದನ್ನು ಬಿಡಿಯಾಗಿ ಸೇರಿಸಿ ಬಳಸುತ್ತೇನೆ, ಹೆಸರು ಖಾಲಿ ಬಿಟ್ಟವರಿಗೆ ಬರೀ ‘ನಮಸ್ಕಾರ’ ಎಂದು ಹೋಗುವಂತೆ ಮಾಡಿದ್ದೇನೆ.

ಎರಡನೆಯದು ವಿಷಯದ ಸಾಲು. ಕನ್ನಡದ ಅಕ್ಷರಗಳು ಅಗಲ. ಫೋನಿನ ಪರದೆಯಲ್ಲಿ ಮೂರು ನಾಲ್ಕು ಪದ ಕಾಣಿಸಿದರೆ ಹೆಚ್ಚು. ‘ನಮ್ಮ ಆನ್‌ಲೈನ್ ಸಂಗೀತ ತರಬೇತಿಗೆ ತಮಗೆ ಆದರದ ಸ್ವಾಗತ’ ಎಂದು ನಾನು ಬರೆದದ್ದು ನನ್ನದೇ ಫೋನಿನಲ್ಲಿ ‘ನಮ್ಮ ಆನ್‌ಲೈನ್ ಸಂಗೀತ ತರ…’ ಎಂದು ತುಂಡಾಗಿ, ಬ್ಯಾಂಕಿನವರ ಜಾಹೀರಾತುಗಳ ನಡುವೆ ಗುರುತೇ ಸಿಗದಂತೆ ಕುಳಿತಿತ್ತು. ಅದನ್ನು ‘ನಿಮ್ಮ ಶ್ರುತಿ ಯಾವುದು?’ ಎಂದು ಬದಲಿಸಿದೆ. ಮೂರನೆಯದು ಪತ್ರದ ಗಾತ್ರ. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕಾಗುವುದರಿಂದ ಆರು ಸಂಕೇತಗಳು ಸೇರಿ ಆಗುವ ‘ಸ್ತ್ರೀ’ ಎಂಬ ಒಂದೇ ಅಕ್ಷರ 18 ಬೈಟ್ ತಿನ್ನುತ್ತದೆ. ಜಿಮೇಲ್ ಸುಮಾರು 102 ಕೆಬಿ ಮೀರಿದ ಪತ್ರವನ್ನು ಅಲ್ಲಿಗೇ ಕತ್ತರಿಸುತ್ತದೆ, ಮತ್ತು ಕತ್ತರಿಸಿದಾಗ ಮರೆಯಾಗುವುದು ತಳದಲ್ಲಿರುವ, ಇನ್ನು ಪತ್ರ ಬೇಡವೆನ್ನುವವರಿಗಾಗಿ ಇಟ್ಟ ಅನ್‌ಸಬ್‌ಸ್ಕ್ರೈಬ್ ಕೊಂಡಿ. ಬರೀ ಪಠ್ಯದಿಂದ ಈ ಮಿತಿ ಮುಟ್ಟುವುದು ಕಷ್ಟವೇ. ಆದರೆ ಬಣ್ಣದ ಚೌಕಟ್ಟು, ಪಟ್ಟಿ, ಗುಂಡಿಗಳಿರುವ ಸಿದ್ಧ ವಿನ್ಯಾಸವನ್ನು ಆರಿಸಿಕೊಂಡರೆ ಅದರ ಹಿಂದಿನ ಕೋಡ್ ಬಹಳಷ್ಟು ಜಾಗವನ್ನು ಮೊದಲೇ ನುಂಗಿರುತ್ತದೆ. ನಾನು ವಿನ್ಯಾಸವನ್ನೆಲ್ಲ ಕಿತ್ತುಹಾಕಿ ಸಾದಾ ಪತ್ರಕ್ಕೆ ಮರಳಿದೆ.

ಪತ್ರ ತಲುಪುವುದಕ್ಕೂ ಸಿದ್ಧತೆ ಬೇಕಾಗುತ್ತದೆ. ಉಚಿತ ಜಿಮೇಲ್ ವಿಳಾಸವನ್ನು ಕಳುಹಿಸುವವರ ಜಾಗದಲ್ಲಿಟ್ಟು ಬೇರೊಂದು ಸಲಕರಣೆಯಿಂದ ಸಾಮೂಹಿಕ ಪತ್ರ ಕಳುಹಿಸಿದರೆ ಅದು ಸ್ಪ್ಯಾಮ್ ಪೆಟ್ಟಿಗೆ ಸೇರುವುದು ಹೆಚ್ಚುಕಡಿಮೆ ಖಚಿತ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ನಿಯಮ ಬಿಗಿ ಮಾಡಿವೆ: ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರಗಳನ್ನು ಜಿಮೇಲ್ ಖಾತೆಗಳಿಗೆ ಕಳುಹಿಸುವವರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ (ಪತ್ರ ಆ ವಿಳಾಸದವರಿಂದಲೇ ಬಂದದ್ದೆಂದು ಪರಿಶೀಲಿಸಲು ನೆರವಾಗುವ ವ್ಯವಸ್ಥೆಗಳು) ಮೂರೂ ಇರಬೇಕು, ಒಂದೇ ಒತ್ತಿಗೆ ಅನ್‌ಸಬ್‌ಸ್ಕ್ರೈಬ್ ಆಗಬೇಕು, ಸ್ಪ್ಯಾಮ್ ಎಂಬ ದೂರು ಶೇ. 0.3 ಮುಟ್ಟಬಾರದು. ಸಾವಿರ ಪತ್ರಕ್ಕೆ ಮೂರು ದೂರು ಎಂದರೆ ಬಹಳ ಸಣ್ಣ ಅವಕಾಶ. ನಾನು ಆ ಸಂಖ್ಯೆಯ ಹತ್ತಿರಕ್ಕೂ ಬರುವುದಿಲ್ಲವಾದರೂ ಸ್ವಂತ ಡೊಮೈನ್ (ನನ್ನದೇ ಆದ ಅಂತರ್ಜಾಲ ವಿಳಾಸ) ಕೊಂಡು ಮೂರನ್ನೂ ಹಾಕಿಸಿದೆ. ಒಂದು ಮಧ್ಯಾಹ್ನದ ಕೆಲಸ.

ದಿನ ವಾರಗಳ ಲೆಕ್ಕದಲ್ಲಿ ನಾನು ಚೆನ್ನಾಗಿಯೇ ಎಡವಿದೆ. ‘ನಾಳೆ ಭಾನುವಾರ ನೋಂದಣಿ ಮುಗಿಯುತ್ತದೆ’ ಎಂದು ಏಳನೆಯ ಪತ್ರದಲ್ಲಿ ಬರೆದಿದ್ದೆ; ಸರಣಿ ಆರಂಭವಾಗುವುದು ಅವರವರು ಸೇರಿದ ದಿನದಿಂದ ಎಂಬುದನ್ನು ಮರೆತಿದ್ದರಿಂದ ಅದು ಬುಧವಾರವೂ ಹೋಯಿತು. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಓಡುವ ಗಡಿಯಾರವನ್ನು ಪತ್ರದಲ್ಲಿ ಕೂರಿಸುವ ಉಪಾಯವನ್ನು ಕೆಲವರು ಹೇಳಿದರು. ಪುಟ ಮತ್ತೆ ತೆರೆದರೆ ಮತ್ತೆ ಮೊದಲಿನಿಂದ ಎಣಿಸುವ ಆ ಗಡಿಯಾರವನ್ನು ಪಾಠ ಹೇಳುವವರು ಬಳಸಬಾರದೆಂಬುದು ನನ್ನ ಅಭಿಪ್ರಾಯ. ತಾಳ ತಪ್ಪಿಸಿ ಹಾಡಬೇಡಿ ಎನ್ನುವ ಬಾಯಲ್ಲೇ ಸುಳ್ಳು ಕಾಲ ಹೇಳಿದಂತಾಗುತ್ತದೆ. ಅದರ ಬದಲು ಮೂರನೆಯ ಪತ್ರದ ನಂತರ ಒಂದು ಷರತ್ತು ಇಟ್ಟೆ: ತಂಡದ ನೋಂದಣಿ ತೆರೆದಿದ್ದರೆ ಮಾತ್ರ ಮುಂದಿನ ನಾಲ್ಕು ಪತ್ರಗಳು ಹೋಗುತ್ತವೆ, ಇಲ್ಲವಾದರೆ ಅವರು ಕಾಯುವ ಪಟ್ಟಿಗೆ ಸೇರಿ ತಿಂಗಳಿಗೊಂದು ಅಭ್ಯಾಸ ಪಾಠ ಪಡೆಯುತ್ತಾರೆ. ಕೊನೆಯ ದಿನವನ್ನು ತಾರೀಖು ಸಮೇತ ‘ಭಾರತದ ಸಮಯ ರಾತ್ರಿ 9’ ಎಂದು ಬರೆಯುತ್ತೇನೆ, ಏಕೆಂದರೆ ಸೇರುವವರಲ್ಲಿ ದುಬೈ, ನ್ಯೂಜೆರ್ಸಿಗಳಲ್ಲಿರುವ ಕನ್ನಡಿಗರೂ ಇದ್ದಾರೆ. ನನ್ನ ಶನಿವಾರ ಬೆಳಗಿನ 6.30ರ ತರಗತಿ ನ್ಯೂಜೆರ್ಸಿಯವರಿಗೆ ಬೇಸಿಗೆಯಲ್ಲಿ ಶುಕ್ರವಾರ ರಾತ್ರಿ 9, ಚಳಿಗಾಲದಲ್ಲಿ 8 ಗಂಟೆ; ಈ ಒಂದು ವಾಕ್ಯವನ್ನು ಆರನೆಯ ಪತ್ರಕ್ಕೆ ಸೇರಿಸಿದ ಮೇಲೆ ಅಲ್ಲಿಂದ ಬರುವ ವಿಚಾರಣೆಗಳು ಅರ್ಧಕ್ಕೆ ಇಳಿದವು.

ಎಲ್ಲಕ್ಕಿಂತ ಮುಜುಗರದ ಪ್ರಸಂಗ ಹಣ ಕಟ್ಟಿದವರಿಗೂ ‘ಇನ್ನೂ ಸೇರಿಲ್ಲವೇ?’ ಎಂಬ ಪತ್ರ ಹೋದದ್ದು. ಶುಲ್ಕ ಪಾವತಿಯಾದರೆ ಆ ವಿಳಾಸಕ್ಕೆ ‘ವಿದ್ಯಾರ್ಥಿ’ ಎಂಬ ಟ್ಯಾಗ್ ಬಿದ್ದು ಸರಣಿ ನಿಲ್ಲುವಂತೆ ನಾನು ವ್ಯವಸ್ಥೆ ಮಾಡಿದ್ದೆ. ಆದರೆ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ತಮ್ಮ ವಿಳಾಸದಲ್ಲಿ ನೋಂದಾಯಿಸಿ, ಹಣವನ್ನು ಮಗಳ ಇಮೇಲ್ ಕೊಟ್ಟು ಯುಪಿಐನಲ್ಲಿ ಕಟ್ಟಿದ್ದರು. ಯಂತ್ರದ ಕಣ್ಣಿಗೆ ಅವರಿಬ್ಬರೂ ಬೇರೆ ಬೇರೆ. ‘ಹಣ ತಲುಪಿಲ್ಲವೇ? ಇನ್ನೊಮ್ಮೆ ಕಟ್ಟಲೇ?’ ಎಂದು ಅವರು ಬರೆದ ಉತ್ತರ ನನಗೆ ಆ ರಾತ್ರಿ ನಿದ್ದೆಗೆಡಿಸಿತು. ಈಗ ಪತ್ರದಲ್ಲಿರುವ ಪಾವತಿ ಕೊಂಡಿಯೇ ಅವರ ನೋಂದಣಿ ವಿಳಾಸವನ್ನು ಹೊತ್ತು ಹೋಗಿ ಅರ್ಜಿಯಲ್ಲಿ ತಾನಾಗಿ ತುಂಬಿಕೊಳ್ಳುತ್ತದೆ. ಅದಲ್ಲದೆ ಕೊನೆಯ ಎರಡು ಪತ್ರಗಳ ಮೊದಲ ಸಾಲಿನಲ್ಲಿಯೇ ‘ಈಗಾಗಲೇ ಸೇರಿದ್ದರೆ ಇಲ್ಲಿ ಒತ್ತಿ, ಈ ಪತ್ರಗಳು ನಿಲ್ಲುತ್ತವೆ’ ಎಂದು ಇಟ್ಟಿದ್ದೇನೆ. ಮಾರುವ ಪತ್ರ ಬರೆಯುವುದಕ್ಕೆ ಮುನ್ನ ಅದು ಯಾರಿಗೆ ಹೋಗಬಾರದೆಂದು ಬರೆದುಕೊಳ್ಳುವ ಅಭ್ಯಾಸ ಅಂದಿನಿಂದ ಬಂತು.

ಫಲವನ್ನು ಅಳೆಯಲು ಎಷ್ಟು ಜನ ಪತ್ರ ತೆರೆದರೆಂಬ ಸಂಖ್ಯೆಯನ್ನು ನಾನು ನೋಡುವುದು ಬಿಟ್ಟಿದ್ದೇನೆ. ಪತ್ರದಲ್ಲಿ ಅಡಗಿಸಿಟ್ಟ ಪುಟ್ಟ ಚಿತ್ರವೊಂದು ಇಳಿದರೆ ಪತ್ರ ತೆರೆದರೆಂದು ಸಲಕರಣೆ ಎಣಿಸುತ್ತದೆ. 2021ರಲ್ಲಿ ಆ್ಯಪಲ್ ತನ್ನ ಮೇಲ್ ಆ್ಯಪ್‌ನಲ್ಲಿ ಪತ್ರದೊಳಗಿನ ಚಿತ್ರಗಳನ್ನು ತಾನೇ ಮುಂಚಿತವಾಗಿ ಇಳಿಸಿಕೊಳ್ಳುವ ವ್ಯವಸ್ಥೆ ತಂದ ಮೇಲೆ, ಓದದವರೂ ಓದಿದವರ ಲೆಕ್ಕಕ್ಕೆ ಸೇರುತ್ತಿದ್ದಾರೆ. ನಾನು ಎಣಿಸುವುದು ಮೂರನೆಯ ಪತ್ರಕ್ಕೆ ಬಂದ ಉತ್ತರಗಳನ್ನು. ಉತ್ತರಿಸಿದವರೆಲ್ಲ ಸೇರುವುದಿಲ್ಲ, ಆದರೆ ಸೇರಿದವರ ಹೆಸರುಗಳನ್ನು ತೆರೆದು ನೋಡಿದರೆ ಹೆಚ್ಚಿನವರು ಆ ಪತ್ರಕ್ಕೆ ಏನಾದರೂ ಬರೆದವರೇ ಆಗಿರುತ್ತಾರೆ. ಈಚೆಗೆ ಆ ಉತ್ತರಗಳಲ್ಲಿ ಮೇಲಿನ ಷಡ್ಜಕ್ಕೆ ಹೋಗುವಾಗ ಧ್ವನಿ ಒಡೆಯುತ್ತದೆ ಎಂಬ ಮಾತು ಪದೇ ಪದೇ ಬರುತ್ತಿರುವುದರಿಂದ, ಐದನೆಯ ಪತ್ರದಲ್ಲಿದ್ದ ವಯಸ್ಸಿನ ಭಾಗವನ್ನು ಎರಡು ಸಾಲಿಗೆ ಇಳಿಸಿ, ಅದರ ಜಾಗದಲ್ಲಿ ಉಸಿರಿನ ಒಂದು ಅಭ್ಯಾಸವನ್ನು ಧ್ವನಿಮುದ್ರಿಸಿ ಸೇರಿಸುತ್ತಿದ್ದೇನೆ.