ಡಯಾಲಿಸಿಸ್ ಹಾಸಿಗೆಯ ಪಕ್ಕದಲ್ಲಿ ಓದಿದ ಕೀರ್ತನೆಗಳು

ನನ್ನ ಹೆಂಡತಿಯ ಎರಡೂ ಕಿಡ್ನಿ ಕೆಲಸ ನಿಲ್ಲಿಸಿ ಏಳು ವರ್ಷಕ್ಕೆ ಬಂತು. ವಾರಕ್ಕೆ ಮೂರು ಸಲ, ಒಂದೊಂದು ಸಲಕ್ಕೆ ನಾಲ್ಕು ಗಂಟೆ ಡಯಾಲಿಸಿಸ್. ಎಡಗೈಗೆ ಎರಡು ಸೂಜಿ ಚುಚ್ಚುತ್ತಾರೆ. ಒಂದರಿಂದ ರಕ್ತ ಹೊರಗೆ ಬಂದು, ಮಷೀನಿನಲ್ಲಿ ಶುದ್ಧವಾಗಿ, ಇನ್ನೊಂದರಿಂದ ಮೈಯೊಳಗೆ ಹೋಗುತ್ತದೆ. ಅಷ್ಟು ಹೊತ್ತೂ ಪಕ್ಕದಲ್ಲಿ ಒಬ್ಬರು ಕೂರಬಹುದು. ನಾನು ಕೂರುತ್ತೇನೆ. ವಿಶ್ವಾಸದ ಬಗ್ಗೆ ನಾನು ನಿಜವಾಗಿ ಕಲಿತದ್ದರಲ್ಲಿ ಮುಕ್ಕಾಲು ಪಾಲು ಆ ಕುರ್ಚಿಯಲ್ಲಿ ಕೂತು ಕಲಿತದ್ದು.

ಅದಕ್ಕೆ ಮುಂಚೆ ನನಗೆ ಬೈಬಲಿನ ವಾಕ್ಯ ಗೊತ್ತಿರಲಿಲ್ಲ ಅಂತಲ್ಲ. ಹದಿನೈದು ವರ್ಷ ಸಂಡೇ ಸ್ಕೂಲಿನಲ್ಲಿ ಪಾಠ ಮಾಡಿದವನು ನಾನು. ಶೋಧನೆಗಳು, ಅಂದರೆ ಕಷ್ಟದ ಪರೀಕ್ಷೆಗಳು, ಬಂದಾಗ ಸಂತೋಷಪಡಿ, ಅವು ತಾಳ್ಮೆ ಹುಟ್ಟಿಸುತ್ತವೆ ಅಂತ ಯಾಕೋಬ ತನ್ನ ಪತ್ರಿಕೆಯ ಮೊದಲ ಅಧ್ಯಾಯದಲ್ಲೇ ಬರೆದಿದ್ದಾನೆ. ಅದನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಕಷ್ಟದಲ್ಲಿದ್ದವರ ಮನೆಗೆ ಹೋಗಿ ಅದೇ ವಾಕ್ಯ ಓದಿ, ಪ್ರಾರ್ಥನೆ ಮಾಡಿ ಬಂದಿದ್ದೇನೆ.

ನಮ್ಮ ಮನೆಗೇ ಕಷ್ಟ ಬಂದಾಗ ಮೊದಲ ಆರು ತಿಂಗಳು ನನ್ನ ವಿಶ್ವಾಸ ಬೆಳೆಯಲಿಲ್ಲ. ಒಣಗಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಕಷ್ಟ ಬಂದ ಕೂಡಲೇ ವಿಶ್ವಾಸ ತಾನಾಗಿ ಗಟ್ಟಿಯಾಗುತ್ತದೆ ಅಂದುಕೊಂಡು, ಹಾಗಾಗದೆ ಇದ್ದಾಗ ತಮ್ಮಲ್ಲೇ ಏನೋ ಕೆಟ್ಟದ್ದಿದೆ ಅಂತ ಕೊರಗುವವರನ್ನು ನಾನು ನೋಡಿದ್ದೇನೆ. ಕಷ್ಟ ಎಷ್ಟೋ ಜನರನ್ನು ಕಹಿ ಮಾಡಿ ಬಿಟ್ಟುಹೋಗುತ್ತದೆ. ನಾನೂ ಆ ದಾರಿಯಲ್ಲೇ ಇದ್ದೆ.

ಆಗಿನ ನನ್ನ ಪ್ರಾರ್ಥನೆ ಚೌಕಾಸಿಯ ಹಾಗಿತ್ತು. ಇಷ್ಟು ವರ್ಷ ನಿನ್ನ ಕೆಲಸ ಮಾಡಿದ್ದೇನೆ ಕರ್ತನೇ, ಇದೊಂದು ಮಾಡಿಕೊಡು. ಉಪವಾಸ ಮಾಡುತ್ತೇನೆ, ಇದೊಂದು ಮಾಡಿಕೊಡು. ರಿಪೋರ್ಟಿನಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೊರಹಾಕಬೇಕಾದ ರಕ್ತದ ಕಲ್ಮಶ, ಕಡಿಮೆ ಬಂದ ದಿನ ಸ್ತೋತ್ರ, ಜಾಸ್ತಿ ಬಂದ ದಿನ ಮೌನ. ಕೊನೆಗೆ ಕೇಳುವುದನ್ನೂ ಬಿಟ್ಟೆ. ಭಾನುವಾರ ಆರಾಧನೆಯಲ್ಲಿ ಎಲ್ಲರ ಜೊತೆ ಎದ್ದು ನಿಂತು ಹಾಡುತ್ತಿದ್ದೆ, ಬಾಯಿ ಮಾತ್ರ ಆಡುತ್ತಿತ್ತು. ಬದಲಿ ಕಿಡ್ನಿ ಹಾಕುವ ಆಪರೇಷನ್ ತಡೆದುಕೊಳ್ಳುವಷ್ಟು ಅವಳ ಹೃದಯ ಗಟ್ಟಿಯಿಲ್ಲ ಅಂತ ಡಾಕ್ಟರ್ ಹೇಳಿದ ದಿನ ಅದೂ ನಿಂತಿತು.

ಒಂದು ಮಧ್ಯಾಹ್ನ ಡಯಾಲಿಸಿಸ್ ಮುಗಿಯಲು ಇನ್ನೊಂದು ಗಂಟೆ ಇತ್ತು. ಅವಳ ಕಾಲಿನ ಮಾಂಸಖಂಡ ಹಿಡಿದುಕೊಂಡಿತ್ತು. ಮೈಯಿಂದ ಜಾಸ್ತಿ ನೀರು ತೆಗೆದಾಗ ಹಾಗಾಗುತ್ತದೆ. ನಾನು ಮೀನಖಂಡ ಉಜ್ಜುತ್ತಿದ್ದೆ. ಹಲ್ಲು ಕಚ್ಚಿಕೊಂಡೇ ಅವಳು, "ಏನಾದ್ರೂ ಓದ್ರೀ" ಅಂದಳು. ಬೈಬಲ್ ತೆಗೆದೆ. ಸಿಕ್ಕಿದ್ದು 13ನೇ ಕೀರ್ತನೆ. ಆರೇ ವಚನ. ಮೊದಲ ಎರಡು ವಚನಗಳಲ್ಲೇ ದಾವೀದ ನಾಲ್ಕು ಸಲ ಒಂದೇ ಪ್ರಶ್ನೆ ಕೇಳುತ್ತಾನೆ, ಇನ್ನೂ ಎಷ್ಟರವರೆಗೆ ಅಂತ. ನನ್ನನ್ನು ಮರೆತೇಬಿಟ್ಟೆಯಾ ಅಂತ ದೇವರನ್ನೇ ಕೇಳುತ್ತಾನೆ.

"ಇನ್ನೊಂದ್ಸಲ ಓದಿ" ಅಂದಳು. ಓದಿದೆ. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಕಣ್ಣಂಚಿನಿಂದ ನೀರು ಕಿವಿಯ ಕಡೆ ಇಳಿಯುತ್ತಿತ್ತು. ಆರು ತಿಂಗಳಿನಿಂದ ನಾವಿಬ್ಬರೂ ಒಬ್ಬರ ಮುಂದೆ ಒಬ್ಬರು ಹೇಳಲು ಹೆದರುತ್ತಿದ್ದ ಮಾತು ಅದು. ಹೇಳಿದರೆ ವಿಶ್ವಾಸ ಹೋಯಿತು ಅಂದುಕೊಳ್ಳುತ್ತಾರೇನೋ ಅನ್ನುವ ಭಯ. ನೋಡಿದರೆ ಅದು ಬೈಬಲಿನಲ್ಲೇ, ಪ್ರಾರ್ಥನೆಯಾಗಿಯೇ ಇತ್ತು.

ಅವತ್ತಿನಿಂದ ಒಂದು ಪದ್ಧತಿ ಮಾಡಿಕೊಂಡೆವು. ಪ್ರತಿ ಡಯಾಲಿಸಿಸ್‌ಗೆ ಒಂದು ಕೀರ್ತನೆ. ಒಂದರಿಂದ ಶುರು ಮಾಡಿ ಸಾಲಾಗಿ, ಒಂದನ್ನೂ ಬಿಡದೆ. ಗಟ್ಟಿಯಾಗಿ ಅಲ್ಲದಿದ್ದರೂ ದನಿ ಕೇಳುವ ಹಾಗೆ ಓದಬೇಕು. ಇರುವುದು 150 ಕೀರ್ತನೆ. ವಾರಕ್ಕೆ ಮೂರರಂತೆ 50 ವಾರಕ್ಕೆ ಮುಗಿಯಬೇಕು. ಆದರೆ 119ನೆಯದರಲ್ಲಿ 176 ವಚನ ಇವೆ, ಎಂಟೆಂಟು ವಚನದ 22 ಭಾಗ. ಅದನ್ನು ಎರಡೆರಡು ಭಾಗ ಮಾಡಿ ಓದುತ್ತೇವೆ. ಹಾಗಾಗಿ ಒಂದು ಸುತ್ತಿಗೆ ವರ್ಷದ ಮೇಲೆ ಸ್ವಲ್ಪ ಹಿಡಿಯುತ್ತದೆ. ಅವಳಿಗೆ ತೀರಾ ಸುಸ್ತಾದ ದಿನ ಓದುವುದಿಲ್ಲ, ಮುಂದಿನ ಸಲ ಬಿಟ್ಟಲ್ಲಿಂದ ಶುರು.

ಸಾಲಾಗಿ ಓದುವುದು ತುಂಬಾ ಮುಖ್ಯ ಅಂತ ಆಮೇಲೆ ತಿಳಿಯಿತು. ಮೊದಲು ನಾನು ಓದುತ್ತಿದ್ದದ್ದು ಇಷ್ಟವಾದ ಕೀರ್ತನೆಗಳನ್ನೇ. ಸಮಾಧಾನ ಹೇಳುವ 23, 91, 121. ಅವು ಬೇಕೇ ಬೇಕು. ಆದರೆ 150ರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಗೋಳಿನ ಪ್ರಾರ್ಥನೆಗಳೇ. ನಾನು ಅವನ್ನು ಹಾರಿಸಿಕೊಂಡು ಹೋಗುತ್ತಿದ್ದೆ. ಸಾಲಾಗಿ ಓದಿದರೆ ಹಾರಿಸಲು ಆಗುವುದಿಲ್ಲ. ಇವತ್ತು ಸ್ತುತಿ, ನಾಡಿದ್ದು ಅಳು, ಆಮೇಲೆ ಸಿಟ್ಟು, ಮತ್ತೆ ಸ್ತುತಿ. ನಮ್ಮ ವಾರಗಳೂ ಹಾಗೇ ಇದ್ದವು.

88ನೇ ಕೀರ್ತನೆ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಬೇರೆ ಗೋಳಿನ ಕೀರ್ತನೆಗಳು ಸಾಮಾನ್ಯವಾಗಿ ಕೊನೆಯ ಹೊತ್ತಿಗೆ ತಿರುಗುತ್ತವೆ. 13ನೆಯದೂ ಹಾಡಿನಲ್ಲಿ ಮುಗಿಯುತ್ತದೆ. ಇದು ತಿರುಗುವುದಿಲ್ಲ. 18 ವಚನ, ಕತ್ತಲಲ್ಲೇ ಮುಗಿಯುತ್ತದೆ. ಓದಿ ಮುಗಿಸಿ ಮುಂದಿನ ಸಾಲು ಹುಡುಕಿದೆ, ಇರಲಿಲ್ಲ. ಮಷೀನಿನ ಪಂಪ್ ತಿರುಗುವ ಸದ್ದು ಮಾತ್ರ ಕೇಳುತ್ತಿತ್ತು. ಏನು ಹೇಳಬೇಕು ತೋಚದೆ ಸುಮ್ನೆ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಮಾತಾಡಿದಳು. "ಆದ್ರೂ ಅವನು ದೇವರ ಹತ್ರಾನೇ ಹೇಳ್ತಾ ಇದಾನೆ, ಅಲ್ವಾ? ಬೇರೆ ಯಾರ ಹತ್ರಾನೂ ಹೋಗಿಲ್ಲ."

ನನ್ನ ಹದಿನೈದು ವರ್ಷದ ಪಾಠದಲ್ಲಿ ಇಂಥ ಮಾತು ಒಂದೂ ಇರಲಿಲ್ಲ. ವಿಶ್ವಾಸ ಅಂದರೆ ಒಳ್ಳೆಯ ಮಾತು ಆಡುವುದು ಅಂದುಕೊಂಡಿದ್ದೆ. ಅವಳು ಹೇಳಿದ್ದು ಬೇರೆ. ಬರುವ ಮಾತು ಯಾವುದಾದರೂ ಇರಲಿ, ಅದನ್ನು ಆತನ ಹತ್ತಿರವೇ ತೆಗೆದುಕೊಂಡು ಹೋಗುವುದು ವಿಶ್ವಾಸ. ಆಮೇಲೆ ಬೈಬಲಿನ ಯೋಬನ ಪುಸ್ತಕ, ಎಲ್ಲ ಕಳೆದುಕೊಂಡು ನರಳಿದ ನೀತಿವಂತನ ಕಥೆ, ಮತ್ತೆ ಓದಿದೆ. 42 ಅಧ್ಯಾಯಗಳಲ್ಲಿ ಎಷ್ಟೋ ಕಡೆ ಯೋಬ ದೂರುತ್ತಾನೆ, ವಾದ ಮಾಡುತ್ತಾನೆ. ಅವನ ಸ್ನೇಹಿತರು ದೇವರ ಪರವಾಗಿ ಅಚ್ಚುಕಟ್ಟಾಗಿ ಮಾತಾಡುತ್ತಾರೆ. ಕೊನೆಯ ಅಧ್ಯಾಯದಲ್ಲಿ ದೇವರು ಆ ಸ್ನೇಹಿತರ ಮೇಲೆ ಕೋಪಗೊಂಡು, ನನ್ನ ಬಗ್ಗೆ ಸರಿಯಾಗಿ ಮಾತಾಡಿದವನು ನನ್ನ ಸೇವಕ ಯೋಬ ಅನ್ನುತ್ತಾನೆ. ಎಷ್ಟೋ ಸಲ ಓದಿದ್ದ ಈ ಸಾಲು ಆವತ್ತು ಮೊದಲ ಸಲ ಕಣ್ಣಿಗೆ ಬಿತ್ತು.

ಅಲ್ಲಿಂದ ಮುಂದೆ ನನ್ನ ಪ್ರಾರ್ಥನೆ ಬದಲಾಯಿತು. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡೆ. ದಿನಾ ಒಂದೋ ಎರಡೋ ಸಾಲು, ಇದ್ದದ್ದು ಇದ್ದ ಹಾಗೆ. "ಇವತ್ತು ನಿನ್ನ ಮೇಲೆ ಸಿಟ್ಟಿದೆ." "ಇವತ್ತು ಏನೂ ಹೇಳಲು ಇಲ್ಲ, ಬಂದು ಕೂತಿದ್ದೇನೆ ಅಷ್ಟೇ." "ಅವಳು ಇವತ್ತು ನಕ್ಕಳು, ಸ್ತೋತ್ರ." ಚೆಂದವಾಗಿ ಬರೆಯಬಾರದು ಅನ್ನುವುದೊಂದೇ ನಿಯಮ. ಇದರಿಂದ ಮಷೀನ್ ತಪ್ಪಲಿಲ್ಲ. ಆದರೆ ದೇವರ ಮುಂದೆ ನಾಟಕ ಮಾಡುವುದು ತಪ್ಪಿತು. ನಾಟಕ ನಿಂತ ಮೇಲೆ ಆತನು ಹತ್ತಿರ ಇದ್ದಾನೆ ಅನ್ನುವುದು ಮೆಲ್ಲಗೆ ಗೊತ್ತಾಗತೊಡಗಿತು. ದರ್ಶನ ಏನೂ ಆಗಲಿಲ್ಲ. ಒಬ್ಬರು ಪಕ್ಕದಲ್ಲಿ ಮಾತಾಡದೆ ಕೂತಿದ್ದರೂ ನಮಗೆ ಗೊತ್ತಾಗುತ್ತದಲ್ಲ, ಆ ಥರ.

ಇದರ ನಡುವೆ ಒಂದು ಪೆಟ್ಟೂ ಬಿತ್ತು. ಮನೆಗೆ ಬಂದ ಒಬ್ಬ ಬೋಧಕರು ಅವಳ ಮುಂದೆಯೇ, ಪೂರ್ತಿ ವಿಶ್ವಾಸ ಇದ್ದಿದ್ದರೆ ಮಷೀನ್ ಬೇಕಾಗುತ್ತಿರಲಿಲ್ಲ ಅಂದುಬಿಟ್ಟರು. ಎಷ್ಟೋ ರಾತ್ರಿ ಅವಳು ನಿದ್ದೆ ಮಾಡಲಿಲ್ಲ. ತನ್ನಲ್ಲೇ ಕೊರತೆ ಹುಡುಕಿದಳು. ನನಗೆ ತಡೆಯಲಾಗಲಿಲ್ಲ. ಬೈಬಲ್ ಹಿಡಿದು ಅವಳ ಜೊತೆ ಕೂತೆ. ಅಪೊಸ್ತಲನಾದ ಪೌಲನ ಶರೀರದಲ್ಲಿ ನಾಟಿದ್ದ ಮುಳ್ಳು ಹೋಗಲಿ ಅಂತ ಅವನು ಮೂರು ಸಲ ಬೇಡಿಕೊಂಡ. ಹೋಗಲಿಲ್ಲ. ನನ್ನ ಕೃಪೆಯೇ ನಿನಗೆ ಸಾಕು ಅಂತ ಉತ್ತರ ಬಂತು. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿಯೂ ಈ ಸಂಕಟದ ಪಾತ್ರೆ ನನ್ನಿಂದ ದೂರವಾಗಲಿ ಅಂತ ಮೂರು ಸಲ ಪ್ರಾರ್ಥನೆ ಮಾಡಿದರು. ಪಾತ್ರೆ ದೂರವಾಗಲಿಲ್ಲ. ಅವರಿಗೂ ವಿಶ್ವಾಸ ಕಡಿಮೆ ಇತ್ತಾ? ಪೌಲ ತನ್ನ ಜೊತೆಗಾರ ತ್ರೊಫಿಮನನ್ನು ಮಿಲೇತದಲ್ಲಿ ಕಾಯಿಲೆಯಲ್ಲೇ ಬಿಟ್ಟುಬಂದೆ ಅಂತ ತಿಮೊಥೆಯನಿಗೆ ಬರೆಯುತ್ತಾನೆ. ಅವನನ್ನು ಬೈಯುವುದಿಲ್ಲ, ಕಾರಣವನ್ನೂ ಹುಡುಕುವುದಿಲ್ಲ. ವೈದ್ಯನಾದ ಲೂಕ ಪೌಲನ ಜೊತೆಯಲ್ಲೇ ಇದ್ದ. ಇದನ್ನೆಲ್ಲ ಒಂದೊಂದಾಗಿ ಓದಿದ ಮೇಲೆ ಅವಳು ಆ ರಾತ್ರಿ ಮಲಗಿದಳು.

ದೇವರು ವಾಸಿ ಮಾಡಬಲ್ಲ ಅಂತ ನಾನು ಈಗಲೂ ನಂಬುತ್ತೇನೆ, ಈಗಲೂ ಕೇಳುತ್ತೇನೆ. ಆದರೆ ಹಾಸಿಗೆಯಲ್ಲಿ ಮಲಗಿದವರ ಮೇಲೆ ಆ ಭಾರ ಹೊರಿಸುವುದು ತಪ್ಪು. ಕೈಮುಗಿದು ಹೇಳುತ್ತೇನೆ, ಯಾರೂ ಹಾಗೆ ಮಾಡಬೇಡಿ.

ನೋಡಿಕೊಳ್ಳುವವರ ಬಗ್ಗೆಯೂ ಒಂದು ಮಾತು. ಎರಡನೇ ವರ್ಷ ನಾನೇ ಕುಸಿದೆ. ರಾತ್ರಿ ನಿದ್ದೆ ಇಲ್ಲ, ಎಲ್ಲರ ಮೇಲೂ ರೇಗುತ್ತಿದ್ದೆ. ಅದನ್ನು ಆತ್ಮಿಕ ಸೋಲು ಅಂದುಕೊಂಡು ಇನ್ನೂ ಬೆಳಗಿನ ಜಾವಕ್ಕೆ ಎದ್ದು ಪ್ರಾರ್ಥನೆ ಮಾಡಲು ಹೋದೆ. ಅದು ಇನ್ನೂ ಕೆಡಿಸಿತು. ಆಗ ನಮ್ಮ ಸಭೆಯ ಹಿರಿಯರೊಬ್ಬರು ಪ್ರವಾದಿ ಎಲೀಯನ ಕಥೆ ನೆನಪಿಸಿದರು. ಸಾಕಪ್ಪಾ, ನನ್ನ ಪ್ರಾಣ ತೆಗೆದುಕೋ ಅಂತ ಗಿಡದ ಕೆಳಗೆ ಮಲಗಿದವನಿಗೆ ದೇವರು ಪ್ರಸಂಗ ಮಾಡಲಿಲ್ಲ. ನಿದ್ದೆ ಕೊಟ್ಟ. ದೂತನ ಕೈಲಿ ರೊಟ್ಟಿ, ನೀರು ಕೊಡಿಸಿದ. ಮತ್ತೆ ಮಲಗಿದಾಗ ಮತ್ತೆ ಎಬ್ಬಿಸಿ ಉಣ್ಣಿಸಿದ. ಮಾತೆಲ್ಲ ಆಮೇಲೆ. ಇಷ್ಟು ಹೇಳಿ ಆ ಹಿರಿಯರು, "ಶನಿವಾರ ನಾನು ಕೂರ್ತೀನಿ ತಮ್ಮಾ, ನೀನು ಮನೇಲಿ ಮಲಕ್ಕೋ" ಅಂದರು. ಬೇಡ ಅನ್ನಲು ಬಾಯಿ ತೆರೆದಿದ್ದೆ, ಅನ್ನಲಿಲ್ಲ. ಇವತ್ತಿಗೂ ಶನಿವಾರ ಅವರದ್ದೇ. ನಾವು ನಿಲ್ಲಿಸಿದ ಕೀರ್ತನೆಯಿಂದಲೇ ಅವರು ಮುಂದೆ ಓದುತ್ತಾರೆ. ಸಹಾಯ ಕೊಡುವುದು ನನಗೆ ಮೊದಲಿಂದ ಬರುತ್ತಿತ್ತು. ತೆಗೆದುಕೊಳ್ಳುವುದನ್ನು ಕಲಿಯಲು ಈ ಕಾಯಿಲೆ ಬೇಕಾಯಿತು. ಅದಕ್ಕೂ ವಿಶ್ವಾಸ ಬೇಕು.

ಅವಳ ಬಗ್ಗೆ ನಾನು ಬರೆಯುವುದಕ್ಕಿಂತ ಅವಳೇ ಬರೆದರೆ ಚೆನ್ನ. ಒಂದು ವಿಷಯ ಮಾತ್ರ ಹೇಳುತ್ತೇನೆ. ದಿನಕ್ಕೆ ಇಷ್ಟೇ ನೀರು ಅಂತ ಅಳತೆ ಇದೆ ಅವಳಿಗೆ. ಒಂದು ಬಾಟಲಿಯಲ್ಲಿ ತುಂಬಿಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಯುತ್ತಾಳೆ. ಬಿಸಿಲಿನ ದಿನ ಬರ್ಫದ ಚೂರು ಬಾಯಲ್ಲಿಟ್ಟುಕೊಳ್ಳುತ್ತಾಳೆ. ಒಂದು ಶುಭ ಶುಕ್ರವಾರದ ಆರಾಧನೆ. ಶಿಲುಬೆಯ ಮೇಲಿನ ಏಳು ಮಾತುಗಳಲ್ಲಿ ಐದನೆಯದು ಬಂತು, ನೀರಡಿಕೆಯ ಮಾತು. ಅವಳು ನನ್ನ ಕೈ ಹಿಡಿದು ಪಿಸುಗುಟ್ಟಿದಳು, "ಆತನಿಗೆ ಗೊತ್ತು." ಅಷ್ಟೇ. ನನಗೆ ಆ ಮಾತು ಬರೀ ಒಂದು ವಚನವಾಗಿತ್ತು. ಅವಳಿಗೆ ಅದು ಯೇಸು ತನ್ನ ಪಕ್ಕದಲ್ಲೇ ಇದ್ದಾರೆ ಅನ್ನುವುದಕ್ಕೆ ಗುರುತು.

ನನ್ನಲ್ಲಿ ಏನು ಬದಲಾಯಿತು? ರೋಮಾಪುರದವರಿಗೆ ಬರೆದ ಪತ್ರಿಕೆಯ ಐದನೇ ಅಧ್ಯಾಯದಲ್ಲಿ ಪೌಲ ಒಂದು ಸರಪಳಿ ಕೊಡುತ್ತಾನೆ. ಉಪದ್ರವದಿಂದ ತಾಳ್ಮೆ, ತಾಳ್ಮೆಯಿಂದ ಇನ್ನೊಂದು, ಅದರಿಂದ ನಿರೀಕ್ಷೆ. ಆ ನಡುವಿನದಕ್ಕೆ ಗ್ರೀಕ್ ಮೂಲದಲ್ಲಿ ದೊಕಿಮೇ ಅನ್ನುವ ಪದ ಇದೆ. ಪರೀಕ್ಷೆಗೆ ನಿಂತು ಅಪ್ಪಟ ಅನಿಸಿಕೊಂಡದ್ದು ಅಂತ ಅರ್ಥ. ಒರೆಗಲ್ಲಿಗೆ ಉಜ್ಜಿದರೆ ಚಿನ್ನ ಹೊಸದಾಗಿ ಹುಟ್ಟುವುದಿಲ್ಲ, ಎಷ್ಟು ಚಿನ್ನ, ಎಷ್ಟು ತಾಮ್ರ ಅಂತ ಗೊತ್ತಾಗುತ್ತದೆ. ನನ್ನಲ್ಲಿ ತಾಮ್ರ ಜಾಸ್ತಿ ಇತ್ತು. ಸೇವೆ ಮಾಡಿದ್ದೇನೆ, ಹಾಗಾಗಿ ದೇವರು ನನಗೆ ಬಾಕಿ ಇದ್ದಾನೆ ಅನ್ನುವ ಲೆಕ್ಕ ಒಳಗೆ ಇತ್ತು. ಅದು ಹೋಯಿತು. ಉಳಿದದ್ದು ಸಣ್ಣದು, ಆದರೆ ನನ್ನ ಭಾರ ತಡೆಯುತ್ತದೆ.

ಅವಳ ಎಡಗೈಯಲ್ಲಿ ಎರಡು ರಕ್ತನಾಳ ಸೇರಿಸಿ ಫಿಸ್ಟುಲಾ ಮಾಡಿದ್ದಾರೆ. ಅದು ಮುಚ್ಚಿಹೋಗಿಲ್ಲ ಅಂತ ದಿನಾ ನೋಡಿಕೊಳ್ಳಬೇಕು. ಬೆರಳಿಟ್ಟರೆ ಚರ್ಮದ ಕೆಳಗೆ ಜುಂ ಅನ್ನುತ್ತದೆ, ಜೇನುಹುಳ ಮುಷ್ಟಿಯಲ್ಲಿದ್ದ ಹಾಗೆ. ಪ್ರತಿ ಬೆಳಗ್ಗೆ ನಾನು ಬೆರಳಿಟ್ಟು, "ಇದೆ" ಅನ್ನುತ್ತೇನೆ. ಅವಳು "ಸ್ತೋತ್ರ" ಅನ್ನುತ್ತಾಳೆ. ಪ್ರಲಾಪಗಳ ಪುಸ್ತಕದ ಮೂರನೇ ಅಧ್ಯಾಯದಲ್ಲಿ, ಆತನ ಕರುಣೆ ಬೆಳಬೆಳಗ್ಗೆಗೂ ಹೊಸದು ಅನ್ನುವ ಮಾತಿದೆಯಲ್ಲ, ಅದು ಇರುವುದು ಪುಸ್ತಕದ ನಡುವೆ. ಹಿಂದೆಯೂ ಅಳು, ಮುಂದೆಯೂ ಅಳು. ಇಷ್ಟು ವರ್ಷ ಅದನ್ನು ಗೋಳಿನ ಮುಕ್ತಾಯ ಅಂದುಕೊಂಡು ಓದಿದ್ದೆ.

ಹೋದ ತಿಂಗಳು ಪಕ್ಕದ ಹಾಸಿಗೆಗೆ ಒಬ್ಬ ಹುಡುಗ ಬಂದ. ಹೊಸದಾಗಿ ಡಯಾಲಿಸಿಸ್ ಶುರುವಾದವನು. ಅವನ ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದರು. ಮೊದಲಿನ ನಾನಾಗಿದ್ದರೆ ಕೂಡಲೇ ಹೋಗಿ ಒಂದು ವಾಕ್ಯ ಹೇಳುತ್ತಿದ್ದೆ. ಯೋಬನ ಸ್ನೇಹಿತರೂ ಮೊದಲ ಏಳು ದಿನ ಮಾತಾಡದೆ ನೆಲದ ಮೇಲೆ ಅವನ ಜೊತೆ ಕೂತಿದ್ದರು. ಅವರು ಮಾಡಿದ್ದರಲ್ಲಿ ಒಳ್ಳೆಯದು ಅದೊಂದೇ. ನಾನೂ ಕುರ್ಚಿ ಸ್ವಲ್ಪ ಅತ್ತ ಎಳೆದುಕೊಂಡು ಕೂತೆ ಅಷ್ಟೇ. ಮೂರನೇ ವಾರ ಆ ತಾಯಿಯೇ, "ಅದೇನೋ ಓದ್ತೀರಲ್ಲಣ್ಣ, ಸ್ವಲ್ಪ ನಮಗೂ ಕೇಳೋ ಹಾಗೆ ಓದಿ" ಅಂದರು.

ಈಗ ನಮ್ಮದು ಆರನೇ ಸುತ್ತು. ಅವತ್ತಿನ ಸರದಿ 88. ನನಗೆ ಅಳುಕಾಯಿತು. ಬೇರೆ ಯಾವುದಾದರೂ ಓದಲಾ ಅಂತ ಹೆಂಡತಿಯ ಮುಖ ನೋಡಿದೆ. ಅವಳು ಬೇಡ ಅಂತ ತಲೆ ಅಲ್ಲಾಡಿಸಿದಳು. ಓದಿದೆ, 18 ವಚನವೂ. ಓದಿ ಮುಗಿಸಿದ ಮೇಲೆ ಆ ತಾಯಿ ತುಂಬಾ ಹೊತ್ತು ಮಷೀನನ್ನೇ ನೋಡುತ್ತಿದ್ದರು.

"ಅಷ್ಟೇನಾ?" ಅಂದರು.

"ಇವತ್ತಿಗೆ ಅಷ್ಟೇ ಅಮ್ಮಾ" ಅಂದಳು ನನ್ನ ಹೆಂಡತಿ. "ನಾಡಿದ್ದು 89."