ಸರ್ವೆ ಮಳೆಯಲ್ಲೇ ಮಾಡಬೇಕು ಮಾರ್ರೆ

ಮಂಗಳೂರಿನ ಜೆಪ್ಪು ಕಡೆ ನಮ್ಮ ಒಳರಸ್ತೆಯಲ್ಲಿ ಸುಮಾರು 120 ಮನೆ, ಎರಡು ಅಪಾರ್ಟ್‌ಮೆಂಟ್, ಮುಗಿಯದೆ ನಿಂತ ಒಂದು ಕಟ್ಟಡ. ನಿಲ್ಲುವ ನೀರು, ಮಲೇರಿಯಾ ಎಲ್ಲ ನೋಡಿ ನಮ್ಮ ರಸ್ತೆಯ ಯೋಜನೆ ನಾವೇ ಮಾಡೋಣ ಅಂದಾಗ "ನಿಮಗೆ ಬೇರೆ ಕೆಲಸ ಇಲ್ವಾ" ಅಂದವರೇ ಹೆಚ್ಚು. ಈಗ ಅವರೇ ಪಕ್ಕದ ರಸ್ತೆಯವರಿಗೆ ನಮ್ಮ ನಕ್ಷೆ ತೋರಿಸ್ತಾರೆ.

ಮೊದಲ ವರ್ಷ ಹಾಲ್ ಬಾಡಿಗೆ, ಫ್ಲೆಕ್ಸ್, ಚಾ, ಬನ್ಸ್ ಅಂತ 8,000 ಚಿಲ್ಲರೆ ಹೋಯ್ತು. ಬಂದದ್ದು ಎಲ್ಲ ಸಭೆಗೂ ಬರುವ ಅದೇ ಗಂಡಸರು. ಕೇಳಿದ್ದು ಸಿಸಿ ಕ್ಯಾಮೆರಾ, ಸ್ವಾಗತ ಕಮಾನು. ಅದೂ ಮಾರ್ಚ್ ಸೆಖೆಯಲ್ಲಿ. ಒಣಗಿದ ತೋಡು (ಮಳೆನೀರು ಹರಿಯುವ ಕಾಲುವೆ) ನೋಡಿ ನೀರು ಎಲ್ಲಿ ನಿಲ್ತದೆ ಅಂತ ಯಾರಿಗೆ ಗೊತ್ತಾಗ್ತದೆ? ಗೂಗಲ್ ಫಾರ್ಮ್ ಕಳಿಸಿದೆವು, ಇಪ್ಪತ್ತೋ ಏನೋ ಉತ್ತರ, ಅರ್ಧ ಪಾರ್ಕಿಂಗ್ ಜಗಳ.

ಮರುವರ್ಷ ಹಾಲ್ ಬಿಟ್ಟು, ಜೂನ್ ಕೊನೆಗೆ ಮಳೆ ಹಿಡಿದ ಮೇಲೆ ಕೊಡೆ ಹಿಡಿದು ಇಳಿದೆವು. ನಾಲ್ಕೈದು ಮನೆಯ ಹೆಂಗಸರು, ಆಶಾ ಕಾರ್ಯಕರ್ತೆ, ಒಂದಷ್ಟು ಮಕ್ಕಳು, ಲ್ಯಾಮಿನೇಟ್ ಮಾಡಿಸಿದ ನಕ್ಷೆ. ಮಾಡಿನ ನೀರು ಹರಿಯುವ ದಂಬೆ, ಟರ್ಪಾಲಿನ ಗುಂಡಿ, ಬೊಂಡದ ಚಿಪ್ಪು, ಹೀಗೆ ನೀರು ನಿಲ್ಲುವ ಜಾಗ ಎಲ್ಲ ಗುರುತು ಹಾಕಿದೆವು. ಅಸಲು ವಿಷಯ ಇದ್ದದ್ದು ತಾರಸಿಯಲ್ಲಿ. ಟ್ಯಾಂಕಿಗೆ ಟಾರ್ಚ್ ಬಿಟ್ಟರೆ ಸೊಳ್ಳೆ ಮರಿಗಳು ನೀರಿನ ಮೇಲೆ ಅಡ್ಡ ಮಲಗಿದ್ದವು, ಅಂದರೆ ಮಲೇರಿಯಾ ಹರಡುವ ಅನಾಫಿಲಿಸ್ ಜಾತಿ. ತಲೆಕೆಳಗಾಗಿ ನೇತಾಡಿದ್ದರೆ ಬೇರೆ ಜಾತಿ. ಅದರಲ್ಲೂ ನಮ್ಮೂರಿನ ಮಲೇರಿಯಾ ಹರಡುವ ಸ್ಟೀಫೆನ್ಸಿ ಅನ್ನುವ ಸೊಳ್ಳೆಗೆ ಚರಂಡಿಯ ಕೊಳಕು ನೀರು ಬೇಡ. ಟ್ಯಾಂಕ್, ಬಾವಿ, ಕಟ್ಟಡದಲ್ಲಿ ಕಾಂಕ್ರೀಟಿಗೆ ನಿಲ್ಲಿಸುವ ಕ್ಯೂರಿಂಗ್ ನೀರು ಬೇಕು.

ಹಾಗಾಗಿ ಫಾಗಿಂಗ್‌ಗೆ ಎತ್ತಿಟ್ಟ ದುಡ್ಡನ್ನು ಮುಚ್ಚಳಕ್ಕೂ ಓವರ್‌ಫ್ಲೋ ಪೈಪಿನ ಬಲೆಗೂ ಹಾಕಿದೆವು. ದೊಡ್ಡ ಗಲಾಟೆ ಆಯ್ತು. ಹೊಗೆ ಕಂಡರೆ ಮಾತ್ರ ಜನರಿಗೆ ಸಮಾಧಾನ! ಮನೆಗೆ 300ರಂತೆ ಕೇಳಿದ್ದು, ಕೊಟ್ಟದ್ದು ಮುಕ್ಕಾಲು ಪಾಲು ಮನೆಯವರು, ಖರ್ಚು 30,000ದ ಆಸುಪಾಸು. ಕಡಿಮೆ ಬಿದ್ದದ್ದನ್ನು ಸ್ವಸಹಾಯ ಗುಂಪಿನವರು ಚಕ್ಕುಲಿ ಮಾರಿ ತುಂಬಿಸಿದರು. ಮೊಟ್ಟೆ ಸೊಳ್ಳೆಯಾಗಲು ವಾರಕ್ಕಿಂತ ಸ್ವಲ್ಪ ಹೆಚ್ಚು ಸಾಕು, ಅದಕ್ಕೇ ಭಾನುವಾರ ಬೆಳಿಗ್ಗೆ ಪಾತ್ರೆ, ಡ್ರಮ್ಮು ಕವುಚಿ ಹಾಕುವುದು.

ಸೊಳ್ಳೆ ಮರಿ ತಿನ್ನುವ ಗಪ್ಪಿ ಮೀನು ಬಾವಿಯಲ್ಲಿ ಲಾಯಕ್ ಆಯ್ತು. ಟ್ಯಾಂಕಿಗೂ ಬಿಟ್ಟು ನೋಡಿದೆ. ಹಿಂದಿನ ಮನೆಯ ಅಕ್ಕ ಬಾತ್‌ರೂಮಿನ ಬಕೆಟ್ ಎತ್ತಿಕೊಂಡು ಬಂದು, "ಇದು ನಿಮ್ಮದಾ ಅಣ್ಣ?" ಅಂದ್ರು. ಟ್ಯಾಂಕಿನ ಪ್ರಯೋಗ ಅಲ್ಲಿಗೆ ಮುಗಿಯಿತು.

ಹೆಂಗಸರು ತೋರಿಸಿದ್ದು ಇನ್ನೊಂದು. ಮಂಡಿನೋವಿನ ಅಜ್ಜಿಯಂದಿರು ಮನೆ ಬಿಟ್ಟು ಹೊರಡದೆ ವರ್ಷವಾಗಿತ್ತು. ಕಾರಣ ತೋಡಿನ ಮೇಲೆ ಅಲುಗಾಡುವ ಎರಡು ಸ್ಲ್ಯಾಬ್. ಎರಕ ಹಾಕಿಸಲು 6,000 ಸಾಕಾಯ್ತು. ಈಗ ಸಂಜೆ ಭಜನೆಗೆ ಅವರದ್ದೇ ಮೊದಲ ಸಾಲು. ಇಷ್ಟು ಸಣ್ಣ ಕೆಲಸಕ್ಕೆ ಒಂದು ಕಚೇರಿಯಲ್ಲಿ ನಮ್ಮ ಅರ್ಜಿ ಎರಡು ಸಲ ಕಾಣೆಯಾಗಿತ್ತು. ದೊಡ್ಡ ಚರಂಡಿಗೆ ಮಾತ್ರ ಮಳೆಗಾಲದ ಫೋಟೊ ಅಂಟಿಸಿದ ನಕ್ಷೆಯನ್ನು ಡಿಸೆಂಬರ್ ಒಳಗೇ, ಬಜೆಟ್ ತಯಾರಿ ಶುರುವಾಗುವ ಮೊದಲೇ, ವಾರ್ಡ್ ಸಮಿತಿಯ ಮುಂದಿಟ್ಟೆವು. ಎಸ್ಟಿಮೇಟ್ ಆಯ್ತು.

ಮುಂಚೆ ಮಳೆಗಾಲಕ್ಕೆ ಏಳೆಂಟು ಮನೆಯಲ್ಲಾದರೂ ಮಲೇರಿಯಾ ಇರ್ತಿತ್ತು, ಕಳೆದ ಸಲ ಒಂದೋ ಎರಡೋ. ಮುಗಿಯದ ಕಟ್ಟಡದ ಬೇಸ್‌ಮೆಂಟ್ ನೀರು ಖಾಲಿ ಮಾಡಲು ಆ ಬಿಲ್ಡರನ್ನು ಹೇಗೆ ಒಪ್ಪಿಸಿದೆವು ಅಂತ ಎಲ್ಲರೂ ಕೇಳ್ತಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಮೇಲಿನ ರಸ್ತೆಯಲ್ಲಿ ಅದೇ ಬಿಲ್ಡರಿನ ಇನ್ನೊಂದು ಕಟ್ಟಡ ಬಾಕಿ ಉಂಟು.